ನಂದಿ ಯಡೂರಿನಲ್ಲಿ, ಶಿವ ಖಿದ್ರಾಪುರದಲ್ಲಿ

ಡಿಸೆಂಬರ್ ಬಂತೆಂದರೆ ನಾನು ಪಾಠ ಮಾಡುವ ಕಾಲೇಜಿನಲ್ಲಿ ಪ್ರವಾಸದ ಸಭೆ ಸೇರುತ್ತದೆ. ಹಂಪಿ, ಗೋವಾ, ಮೈಸೂರು, ಈ ಮೂರರಲ್ಲಿ ಒಂದನ್ನು ಆರಿಸಿ ಚಹಾ ಕುಡಿದು ಏಳುವುದು ರೂಢಿ. ಹೋದ ವರ್ಷ ನಾನು ಬಾಯಿ ತೆರೆದೆ. ಈ ಸಲ ನಮ್ಮ ಐದು ತಾಲ್ಲೂಕುಗಳನ್ನೇ ನೋಡೋಣ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎರಡೇ ದಿನ ಸಾಕು ಎಂದೆ. ಸಭೆಯಲ್ಲಿ ನಗೆ ಹೊಮ್ಮಿತು. ಹಿರಿಯ ಸಹೋದ್ಯೋಗಿಯೊಬ್ಬರು ಕನಿಕರದಿಂದಲೇ ಕೇಳಿದರು: “ಅಲ್ರೀ, ಕಬ್ಬು ಬಿಟ್ರ ಇಲ್ಲೇನ ಐತ್ರೀ ನೋಡಾಕ?”

ಈ ಬರಹ ಆ ಪ್ರಶ್ನೆಗೆ ಉತ್ತರ. ಆ ಪ್ರಶ್ನೆಯ ಮೇಲೆ ನನಗಿರುವ ಸಿಟ್ಟೂ ಇದರಲ್ಲಿದೆ.

ಅದೇ ವಾರ ಅಂತಿಮ ಬಿ.ಎ.ಯ ಹುಡುಗನೊಬ್ಬ ತರಗತಿಯಲ್ಲಿ ಮಾಯಾ ನಾಗರಿಕತೆಯ ಬಗ್ಗೆ ಸೊಗಸಾಗಿ ಮಾತಾಡಿದ. ಮೆಕ್ಸಿಕೋದ ಚಿಚೆನ್ ಇಟ್ಜಾದ ಪಿರಮಿಡ್ಡಿಗೆ ನಾಲ್ಕು ಕಡೆ ತಲಾ 91 ಮೆಟ್ಟಿಲು, ಮೇಲಿನ ಜಗುಲಿ ಸೇರಿದರೆ 365, ವರ್ಷದ ದಿನಗಳಷ್ಟು ಎಂದು ಲೆಕ್ಕ ಕೊಟ್ಟ. ಕಡಲ್ಗಳ್ಳರ ಕಾಟಕ್ಕೆ ಸ್ಪೇನಿನವರು ಕಾಂಪೆಚೆ ಊರಿಗೆ ಕಟ್ಟಿದ ಕೋಟೆಗೋಡೆ ತೋರಿಸಿದ. ಸುಣ್ಣಕಲ್ಲಿನ ನೆಲ ಕುಸಿದು ಆದ ನೀಲಿ ನೀರಿನ ಬಾವಿಗಳನ್ನು ತೋರಿಸಿದ. ಎಲ್ಲ ವಿಡಿಯೋ ನೋಡಿ ಕಲಿತದ್ದು, ಆದರೆ ಶ್ರದ್ಧೆಯಿಂದ ಕಲಿತಿದ್ದ. ಮುಗಿದ ಮೇಲೆ ನಾನು ಕೇಳಿದೆ: “ಖಿದ್ರಾಪುರ ನೋಡೀಯೇನಪಾ?” ಅವನ ಊರಿನಿಂದ ಅದು ಬೈಕಿನ ದಾರಿ. ಅವನು ಹೇಳಿದ: “ಅದು ಮಹಾರಾಷ್ಟ್ರದಾಗ ಬರ್ತೇತ್ರಿ ಸರ್.”

ಸಹೋದ್ಯೋಗಿಯ ಮಾತಿಗಿಂತ ಈ ಮಾತು ನನ್ನನ್ನು ಹೆಚ್ಚು ಕಾಡಿತು. ಮಾಯಾ ಜನರ ಊರುಗಳು ಇವತ್ತು ಐದು ದೇಶಗಳಲ್ಲಿ ಹಂಚಿಹೋಗಿವೆ: ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್, ಎಲ್ ಸಾಲ್ವಡಾರ್. ಅವನ್ನು ನೋಡಲು ಹೋದವರು ಯಾರೂ “ಅದು ಹೊಂಡುರಾಸ್‌ನಲ್ಲಿ ಬರುತ್ತದೆ” ಎಂದು ಅರ್ಧ ದಾರಿಯಿಂದ ತಿರುಗುವುದಿಲ್ಲ. ನನ್ನ ವಿದ್ಯಾರ್ಥಿಯೂ ಆ ಐದು ದೇಶಗಳನ್ನು ಒಂದೇ ನಕಾಶೆಯಲ್ಲಿ ತೋರಿಸಿದ್ದ. ಅದೇ ಹುಡುಗನಿಗೆ ತನ್ನ ಹೊಳೆಯ ಆಚೆ ದಂಡೆ ಪರದೇಶವಾಗಿತ್ತು. ಅದನ್ನು ಅವನಿಗೆ ಕಲಿಸಿದವರು ನಾವು.

ಕಾಲೇಜಿನ ಬಸ್ಸು ಹಂಪಿಗೆ ಹೋಯಿತು. ನಾನು ಆರು ಜನ ವಿದ್ಯಾರ್ಥಿಗಳ ಜೊತೆ, ಅವರ ಮನೆಯವರ ಒಪ್ಪಿಗೆ ಪಡೆದು, ಜನವರಿಯ ಒಂದು ಶನಿವಾರ ಬೆಳಿಗ್ಗೆ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಮಾಯಾ ಹುಡುಗನೂ ಇದ್ದ.

ನಿಪ್ಪಾಣಿ ಎಂದರೆ ತಂಬಾಕು, ಹೆದ್ದಾರಿ ಮತ್ತು ತವಂದಿ ಘಾಟು ಎಂದು ನಮ್ಮವರು ತಿಳಿದಿದ್ದಾರೆ. ಘಾಟಿನ ಬಗಲಲ್ಲಿ ಸ್ತವನಿಧಿಯ ಪಾರ್ಶ್ವನಾಥ ಬಸದಿ ಇದೆ, ದಿನಕ್ಕೆ ಸಾವಿರಾರು ಗಾಡಿಗಳು ಅದನ್ನು ಹಾದುಹೋಗುತ್ತವೆ. ನಾನು ಮಕ್ಕಳಿಗೆ ಮೊದಲು ಹೇಳಿದ್ದು ನಿಂಬಾಳ್ಕರ ದೇಸಾಯರ ಕಥೆ. ಪೇಶ್ವೆಗಳ ಕಾಲದಲ್ಲಿ ಸಿದ್ದೋಜಿರಾವ್ ನಿಂಬಾಳ್ಕರ್ ಇಲ್ಲಿ ಕೋಟೆ ಕಟ್ಟಿ ಆಳಿದವನು. ಚಿಕ್ಕೋಡಿ ಮತ್ತು ಮನೋಳಿ ತಾಲ್ಲೂಕುಗಳಿಗಾಗಿ ಅವನಿಗೂ ಕೊಲ್ಲಾಪುರದ ಅರಸರಿಗೂ ವರ್ಷಗಟ್ಟಲೆ ಕಾದಾಟ ನಡೆಯಿತು. ಈ ನೆಲಕ್ಕಾಗಿ ಆದ ಹಳೆಯ ಗಡಿಜಗಳ ಅದು. ಆ ಜಗಳದಲ್ಲಿ ಯಾರೂ ಭಾಷೆಯ ಹೆಸರು ಎತ್ತಲಿಲ್ಲ, ಕಂದಾಯ ಯಾರಿಗೆ ಎನ್ನುವುದಷ್ಟೇ ಪ್ರಶ್ನೆ.

1839ರಲ್ಲಿ ಸಿದ್ದೋಜಿರಾವ್ ಸತ್ತ. ವಾರಸುದಾರನಿಲ್ಲವೆಂದು ಕಂಪನಿ ಸರ್ಕಾರ ನಿಪ್ಪಾಣಿಯನ್ನು ಕಬಳಿಸಿತು. 1841ರಲ್ಲಿ ಅರಬ್ ಸಿಪಾಯಿಗಳು ಮುಂದಾಗಿ ಕೋಟೆ ಹಿಡಿದು ದಂಗೆ ಎದ್ದರು, ಕಂಪನಿಯ ಸೈನ್ಯ ಅದನ್ನು ಅಡಗಿಸಿತು. ಮಕ್ಕಳಲ್ಲಿ ಒಬ್ಬಳು ತಟ್ಟನೆ ಹೇಳಿದಳು: “ಇದು ಕಿತ್ತೂರಿನ ಕಥಿನ ಆತಲ್ರೀ.” ಹೌದು. 1824ರಲ್ಲಿ ಕಿತ್ತೂರಿನಲ್ಲಿ ದತ್ತುಪುತ್ರನನ್ನು ಒಪ್ಪದೆ ಕಂಪನಿ ಮಾಡಿದ್ದನ್ನು ಹದಿನೈದು ವರ್ಷಗಳ ಮೇಲೆ ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಮಾಡಿತು. ಕಿತ್ತೂರು ನಮ್ಮ ಪಠ್ಯಪುಸ್ತಕದಲ್ಲಿದೆ, ನಿಪ್ಪಾಣಿ ಇಲ್ಲ. ಸಿದ್ದೋಜಿರಾವ್ ವೀರನಾಗಿರಲಿಲ್ಲ, ಇಂಗ್ಲಿಷರ ಜೊತೆ ನಿಂತು ಲಾಭ ಮಾಡಿಕೊಂಡವನೇ ಎನ್ನುವುದು ನಿಜ. ಆದರೆ ಪಠ್ಯದಿಂದ ಹೊರಗುಳಿಯಲು ಅದೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಅವನು ಮರಾಠ ಸರದಾರ. ಅವನ ಕಥೆ ಹೇಳಿದರೆ ನಿಪ್ಪಾಣಿಯ ಮೇಲಿನ ನಮ್ಮ ಹಕ್ಕು ಸಡಿಲವಾದೀತೆಂಬ ಭಯ ನಮಗಿದೆ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತ್ತು ಎನ್ನುವುದನ್ನೂ ನಾವು ಮಕ್ಕಳಿಗೆ ಹೇಳುವುದಿಲ್ಲ, ವರದಿ ನಮ್ಮ ಪರ ಎಂದಷ್ಟೇ ಹೇಳುತ್ತೇವೆ. ಆಚೆಯವರು ಬೇರೆ ರೀತಿಯಲ್ಲಿ ಅದನ್ನೇ ಮಾಡುತ್ತಾರೆ. ಅವರ ಪಾಲಿಗೆ ನಿಪ್ಪಾಣಿಯಲ್ಲಿ ನಿಂಬಾಳ್ಕರರ ಮುಂಚೆ ಏನೂ ಇರಲಿಲ್ಲ.

ಕೋಟೆಯಿಂದ ನಾನು ಅವರನ್ನು ತಂಬಾಕಿನ ಗೋದಾಮುಗಳ ಓಣಿಗೆ ಕರೆದೊಯ್ದೆ. ನೋಡುವಂಥ ಸ್ಥಳ ಎಂದು ಯಾವ ಫಲಕವೂ ಅಲ್ಲಿಲ್ಲ. 1925ರಲ್ಲಿ ಅಂಬೇಡ್ಕರರು ಇದೇ ಊರಿಗೆ ಬಂದು ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ್ದರು. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ದಿನಗಟ್ಟಲೆ ಕುಳಿತರು, ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಅದೇ ಕಾಲಕ್ಕೆ ತಂಬಾಕಿನ ದೂಳು ಕುಡಿದು ಕೆಲಸ ಮಾಡುತ್ತಿದ್ದ ಹೆಂಗಸರು ಸಂಘ ಕಟ್ಟಿದರು. ‘ಯುಗಾಂತರ’ ಎಂಬ ಮಹಿಳೆಯರ ತಂಡ 1982ರಲ್ಲಿ ಅವರ ಬಗ್ಗೆ ಒಂದು ಚಿತ್ರ ಮಾಡಿತು. ಅದನ್ನು ದೂರದೇಶದ ಚಿತ್ರೋತ್ಸವಗಳಲ್ಲಿ ನೋಡುತ್ತಾರೆ. ನನ್ನ ಆರು ವಿದ್ಯಾರ್ಥಿಗಳಲ್ಲಿ ಇಬ್ಬರ ಆಯಿಯಂದಿರು ನಿಪ್ಪಾಣಿಯ ವಖಾರಿಗಳಲ್ಲಿ ದುಡಿದವರು. ಇಬ್ಬರಿಗೂ ಆ ಚಿತ್ರದ ಹೆಸರು ಗೊತ್ತಿರಲಿಲ್ಲ. ಸತ್ತ ರೈತರು ಕನ್ನಡ ಮಾತಾಡುತ್ತಿದ್ದರೋ ಮರಾಠಿಯೋ ಎಂದು ಅಂದು ಗುಂಡು ಕೇಳಲಿಲ್ಲ. ಎರಡೂ ಭಾಷೆಯ ಚರಿತ್ರೆಕಾರರು ಮಾತ್ರ ಕೇಳಿಕೊಂಡರೆಂದು ಕಾಣುತ್ತದೆ, ಯಾಕೆಂದರೆ ಇಬ್ಬರ ಪುಸ್ತಕಗಳಲ್ಲೂ ಅವರಿಗೆ ಸಿಕ್ಕ ಜಾಗ ಅಷ್ಟಕ್ಕಷ್ಟೇ.

ಮಧ್ಯಾಹ್ನ ಭೋಜಕ್ಕೆ ಹೋದೆವು. ವೇದಗಂಗೆ ದೂಧಗಂಗೆಯನ್ನು ಕೂಡುವುದು ಈ ಊರಿನ ಹತ್ತಿರ. ಸಂಗಮ ಎಂದರೆ ಕೂಡಲಸಂಗಮದಂಥ ಕಟ್ಟೆ, ಕಮಾನು ಬೇಕೆಂದು ಮಕ್ಕಳು ಹುಡುಕಿದರು. ಇಲ್ಲಿ ಎರಡು ತೆಳ್ಳಗಿನ ಹೊಳೆಗಳು ಕಬ್ಬಿನ ನಡುವೆ ಸದ್ದಿಲ್ಲದೆ ಕೂಡುತ್ತವೆ, ಎರಡೂ ಸಹ್ಯಾದ್ರಿಯಿಂದ ಮಹಾರಾಷ್ಟ್ರದ ಮೂಲಕ ಬಂದ ನೀರು. 2019ರಲ್ಲಿ ಇದೇ ನೀರು ಊರುಗಳಿಗೆ ನುಗ್ಗಿದಾಗ ಅದು ಯಾವ ರಾಜ್ಯದ ಮಳೆ ಎಂದು ಕೇಳಲು ಯಾರಿಗೂ ವೇಳೆ ಇರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಯನ್ನು ಮತ್ತೆ ನಡೆಯುವಂತೆ ಮಾಡಿದ ಆಚಾರ್ಯ ಶಾಂತಿಸಾಗರರು ಭೋಜದವರು. ದೂಧಗಂಗೆಯ ದಂಡೆಯಲ್ಲೇ ಇರುವ ಸದಲಗಾದಲ್ಲಿ 1946ರಲ್ಲಿ ಹುಟ್ಟಿದವರು ಆಚಾರ್ಯ ವಿದ್ಯಾಸಾಗರರು. ಅವರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದರು.

ಸದಲಗಾದ ಇನ್ನೊಬ್ಬರನ್ನು ನಾವು ಮರೆತಿದ್ದೇವೆ. 1906ರಲ್ಲಿ ಅಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಪ್ರಾಕೃತದ ಬಹುದೊಡ್ಡ ವಿದ್ವಾಂಸರು. ಜೀವಮಾನದ ಬಹುಭಾಗ ಕಲಿಸಿದ್ದು ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ. 1967ರಲ್ಲಿ, ಅಂದರೆ ಮಹಾಜನ ವರದಿ ಬಂದ ವರ್ಷವೇ, ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಗಡಿಯ ಎರಡೂ ಕಡೆ ಕೂಗಾಟ ನಡೆದ ಕಾಲದಲ್ಲಿ ಕೊಲ್ಲಾಪುರದಲ್ಲಿ ನೆಲೆಸಿದ್ದ ಒಬ್ಬರನ್ನು ಕನ್ನಡಿಗರು ತಮ್ಮ ಸಮ್ಮೇಳನದ ಪೀಠದಲ್ಲಿ ಕೂರಿಸಿದ್ದರು. ಇವತ್ತು ಹಾಗೆ ಮಾಡಬಲ್ಲೆವೇ?

ಎಕ್ಸಂಬಾ ಅಲ್ಲಿಂದ ದೂರವಿಲ್ಲ. ನಾನು ಈ ಪ್ರವಾಸ ಹೊರಟದ್ದೇ ಅರ್ಧ ಈ ಊರಿಗಾಗಿ. ಹನ್ನೆರಡನೆಯ ಶತಮಾನದಲ್ಲಿ ಶಿಲಾಹಾರ ವಿಜಯಾದಿತ್ಯನ ದಂಡನಾಯಕನೊಬ್ಬ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿದ. ಅದರ ಕೀರ್ತಿ ಕೇಳಿ ನೆರೆಯ ರಟ್ಟರ ಅರಸ ಕಾರ್ತವೀರ್ಯನೂ ದಾನ ಕೊಟ್ಟ ಎನ್ನುತ್ತದೆ ಇಲ್ಲಿನ ಶಾಸನ. ಅಂದಿಗೂ ಇದು ಎರಡು ಅರಸು ಮನೆತನಗಳ ಗಡಿ. ಆ ಕಡೆಯ ದಂಡನಾಯಕ ಕಟ್ಟಿಸಿದ ಬಸದಿಗೆ ಈ ಕಡೆಯ ಅರಸ ದಾನ ಕೊಟ್ಟಿದ್ದಾನೆ. ಬಸದಿ ಸೇರಿದ್ದು ಯಾಪನೀಯರಿಗೆ. ಕನ್ನಡ ನಾಡಿನಲ್ಲಿ ಶತಮಾನಗಟ್ಟಲೆ ಬೆಳೆದು ಆಮೇಲೆ ಗುರುತಿಲ್ಲದಂತೆ ಕರಗಿಹೋದ ಈ ಜೈನ ಪಂಥ ಹೆಂಗಸಿಗೆ ಅದೇ ಜನ್ಮದಲ್ಲಿ ಮೋಕ್ಷ ಉಂಟು ಎಂದು ವಾದಿಸಿತ್ತು. ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನ ಈ ಪಂಥದವನು, ಸ್ತ್ರೀಮುಕ್ತಿಯ ಪರವಾಗಿ ಒಂದು ಗ್ರಂಥವನ್ನೇ ಬರೆದ. ಯಾಪನೀಯರ ಜಾಡು ಹಿಡಿದು ಬರೆದ ವಿದ್ವಾಂಸರಲ್ಲಿ ಸದಲಗಾದ ಉಪಾಧ್ಯೆಯವರೂ ಒಬ್ಬರು.

ಇದನ್ನು ಹೇಳಿದಾಗ ಗುಂಪಿನ ಮೂವರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋಕ್ಷದ ಬಗ್ಗೆ ಅವರಿಗೆ ಇನ್ನೂ ಆತುರವಿಲ್ಲ. ತಮ್ಮ ಊರ ಮಗ್ಗುಲಲ್ಲಿ ಎಂಟುನೂರು ವರ್ಷಗಳ ಹಿಂದೆ ಹೀಗೊಂದು ವಾದ ನಡೆದಿತ್ತು ಎನ್ನುವುದು ಅವರಿಗೆ ಯಾರೂ ಹೇಳದ ಸುದ್ದಿ. ಎಕ್ಸಂಬಾ ಎಂದರೆ ಅವರಿಗೆ ರಾಜಕಾರಣಿಗಳ ಊರು ಅಷ್ಟೇ ಆಗಿತ್ತು.

ಅಲ್ಲೇ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: “ಸರ್, ಇಂಥಾ ಅಕ್ಷರ ಇರೂ ಕಲ್ಲ ನಮ್ಮ ಹೊಲದ ಬದುವಿನಾಗ ಒಂದ ಐತ್ರಿ. ಕಾಕಾ ಯಾರಿಗೂ ಹೇಳಬ್ಯಾಡ ಅಂದಾನ್ರಿ.” ಈ ಮಾತನ್ನು ಸದ್ಯಕ್ಕೆ ಇಲ್ಲಿ ಇಡುತ್ತೇನೆ.

ಸಂಜೆಗೆ ಯಡೂರು. ಕೃಷ್ಣೆಯ ದಂಡೆಯ ವೀರಭದ್ರ ದೇವರು ಎರಡೂ ರಾಜ್ಯಗಳ ಸಾವಿರಾರು ಮನೆಗಳ ಕುಲದೈವ. ದಕ್ಷಯಜ್ಞ ನಡೆದದ್ದು ಇಲ್ಲೇ ಎಂದು ಜನ ಹೇಳುತ್ತಾರೆ. ಸತಿ ತವರಿಗೆ ಹೊರಟಾಗ ನಂದಿಯನ್ನು ಏರಿ ಬಂದಳು, ಯಜ್ಞಕುಂಡಕ್ಕೆ ಹಾರಿದಳು, ನಂದಿ ಯಡೂರಿನಲ್ಲೇ ಉಳಿಯಿತು. ಸುದ್ದಿ ಕೇಳಿ ಕೋಪಗೊಂಡ ಶಿವ ಖಿದ್ರಾಪುರದಲ್ಲಿ ಕುಳಿತ. ಅದಕ್ಕೇ ಅವನು ಕೋಪೇಶ್ವರ. ಅವನನ್ನು ಸಮಾಧಾನ ಮಾಡಲು ಬಂದ ವಿಷ್ಣು ಧೋಪೇಶ್ವರನಾಗಿ ಅದೇ ಗರ್ಭಗುಡಿಯಲ್ಲಿದ್ದಾನೆ. ಖಿದ್ರಾಪುರದ ಗುಡಿಯಲ್ಲಿ ಶಿವನ ಎದುರಿಗೆ ನಂದಿ ಇಲ್ಲ. ಈಗ ಶಿವ ಇರುವುದು ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ, ನಂದಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ. ಈ ಕಥೆ ಕಟ್ಟಿದ ಜನರ ಮನಸ್ಸಿನಲ್ಲಿ ಎರಡೂ ಊರು ಒಂದೇ ಗುಡಿಯ ಎರಡು ತುದಿಗಳು. ನಂದಿಯನ್ನು ನೋಡಿ ಶಿವನನ್ನು ನೋಡದೆ ಬರುವುದು ಅವರ ಲೆಕ್ಕದಲ್ಲಿ ಅರ್ಧ ಯಾತ್ರೆ. ನಮ್ಮ ಶಾಲಾ ಕಾಲೇಜುಗಳು ಮಾಡುತ್ತಿರುವುದು ಅದನ್ನೇ, ಅದೂ ಮಾಡಿದರೆ.

ಮರುದಿನ ಸುತ್ತುದಾರಿ ಹಿಡಿದು ಖಿದ್ರಾಪುರ ತಲುಪಿದೆವು. ಹಳೆಗುಡಿಗಳನ್ನು ಸಾಕಷ್ಟು ನೋಡಿದವನು ನಾನು, ಆದರೂ ಅಲ್ಲಿನ ಸ್ವರ್ಗಮಂಟಪದ ನಡುವೆ ನಿಂತಾಗ ಪ್ರತಿ ಸಲ ಮಾತು ನಿಲ್ಲುತ್ತದೆ. ನಲವತ್ತೆಂಟು ಕಂಬಗಳು, ನಡುವೆ ಚಾವಣಿಯಲ್ಲಿ ಹದಿಮೂರು ಅಡಿಯಷ್ಟು ಅಗಲದ ದುಂಡನೆಯ ತೆರಪು, ಅದರ ನೇರ ಕೆಳಗೆ ಅಷ್ಟೇ ಅಗಲದ ದುಂಡು ಹಾಸುಗಲ್ಲು. ಚಾವಣಿ ಬಿದ್ದು ಆದ ಕಿಂಡಿಯಲ್ಲ, ಆಕಾಶ ಕಾಣಲೆಂದೇ ಬಿಟ್ಟದ್ದು. ಗುಡಿಯ ಬುಡದಲ್ಲಿ ಸಾಲಾಗಿ ನಿಂತ ಆನೆಗಳು, ಹಲವಕ್ಕೆ ಸೊಂಡಿಲು ಒಡೆದಿದೆ. ಮಾಯಾ ಹುಡುಗ ಮಂಟಪದ ನಡುವೆ ಮಲಗಿ ಮೇಲೆ ನೋಡಿದ. ಐದು ನಿಮಿಷ ಏಳಲಿಲ್ಲ.

ಇಲ್ಲಿ ಹತ್ತು ಹನ್ನೆರಡು ಶಾಸನಗಳಿವೆ, ಹೆಚ್ಚಿನವು ಕನ್ನಡದಲ್ಲಿ. ತೆಂಕಣ ಬಾಗಿಲ ಹತ್ತಿರ ಯಾದವ ಸಿಂಘಣನ ಕಾಲದ್ದೊಂದು ದೇವನಾಗರಿಯಲ್ಲಿದೆ, ಅದರ ಭಾಷೆ ಸಂಸ್ಕೃತ. 1054ರ ಸುಮಾರಿಗೆ ಚೋಳ ರಾಜಾಧಿರಾಜ ಆನೆಯ ಮೇಲೆ ಪ್ರಾಣಬಿಟ್ಟ ಕೊಪ್ಪಂ ಯುದ್ಧ ನಡೆದದ್ದು ಇಲ್ಲೇ ಎಂದು ಫ್ಲೀಟ್ ವಾದಿಸಿದ್ದ, ಬೇರೆ ಕೆಲವರು ಕೊಪ್ಪಳ ಎನ್ನುತ್ತಾರೆ. ಖಿದ್ರಾಪುರದ ಹೆಸರು ಕನ್ನಡದ ಪತ್ರಿಕೆಗಳಲ್ಲಿ ಬಂದಾಗೆಲ್ಲ ಒಂದೇ ಕಾರಣಕ್ಕೆ ಬರುತ್ತದೆ: ನೋಡಿ, ಅಲ್ಲಿ ಕನ್ನಡ ಶಾಸನಗಳಿವೆ, ಆದ್ದರಿಂದ ಅದು ನಮ್ಮದು. ಆಚೆಯವರು ಬರೆಯುವಾಗ ಆ ಶಾಸನಗಳ ಭಾಷೆ ಯಾವುದೆಂಬ ಮಾತೇ ಬರುವುದಿಲ್ಲ, ಬಂದರೂ ‘ಹಳೆಯ ಲಿಪಿ’ ಎಂದು ತೇಲಿಸುತ್ತಾರೆ. ಆ ಶಾಸನಗಳಲ್ಲಿ ಏನು ಬರೆದಿದೆ ಎನ್ನುವುದನ್ನು ಓದುವ ಆಸೆ ಎರಡೂ ಕಡೆ ಇಲ್ಲ. ಎಷ್ಟಿವೆ ಎಂದು ಎಣಿಸಿದರೆ ಮುಗಿಯಿತು. ಗುಡಿಯಲ್ಲಿ ಸಿಕ್ಕ ಅಜ್ಜ ಒಬ್ಬರು ನಮ್ಮ ಮಾತು ಕೇಳಿ “ಬರ್ರಿ ಪಾವ್ಣ್ಯಾರ, ಯಾವೂರು?” ಎಂದರು. ಹೊಳೆಯ ಆಚೆ ಕೈತೋರಿಸಿ, “ಜುಗೂಳದಾಗ ನಮ್ಮ ತಂಗೀನ್ನ ಕೊಟ್ಟೇವಿ” ಎಂದರು. ಜುಗೂಳ ಕಾಗವಾಡ ತಾಲ್ಲೂಕು, ಕರ್ನಾಟಕ.

ನನ್ನ ದೂರು ಇಷ್ಟು. ಗಡಿಯ ಕಲ್ಲುಗಳನ್ನು ನಾವು ಮೊಕದ್ದಮೆಯ ಸಾಕ್ಷಿಗಳನ್ನಾಗಿ ಮಾಡಿದ್ದೇವೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದ ಮೇಲಂತೂ ಎಲ್ಲರೂ ವಕೀಲರಾದರು. ಶಾಸನ ನಮ್ಮ ಭಾಷೆಯದಾದರೆ ಭಾಷಣದಲ್ಲಿ ಬರುತ್ತದೆ, ಅವರ ಭಾಷೆಯದಾದರೆ ಮರೆಯಾಗುತ್ತದೆ. ಭಾಷಣ ಮುಗಿದ ಮೇಲೆ ಎರಡೂ ಬಿಸಿಲಿಗೆ ಬಿದ್ದಿರುತ್ತವೆ. ನವೆಂಬರ್ ಒಂದರಂದು ಬೆಳಗಾವಿಯಲ್ಲಿ ಬಾವುಟ ಹಾರಿಸುವವರಲ್ಲಿ ಎಷ್ಟು ಜನ ಎಕ್ಸಂಬಾದ ಶಾಸನದ ಮುಂದೆ ಹತ್ತು ನಿಮಿಷ ನಿಂತಿದ್ದಾರೆ? ಅದೇ ದಿನ ಕರಾಳ ದಿನ ಆಚರಿಸುವವರಲ್ಲಿ ಎಷ್ಟು ಜನ ನಿಪ್ಪಾಣಿ ಕೋಟೆಯ ಚರಿತ್ರೆ ಓದಿದ್ದಾರೆ?

ಸಾಕ್ಷಿಯಾಗದ ಸ್ಥಳಗಳಿಗೆ ಇನ್ನೊಂದು ಗತಿ ಕಾದಿದೆ. ಅದರ ಹೆಸರು ಜೀರ್ಣೋದ್ಧಾರ. ಈ ಎರಡು ದಿನಗಳಲ್ಲಿ ನಾವು ನೋಡಿದ ಒಂದು ಹಳೆಯ ಗುಡಿಯ ಕಂಬಗಳಿಗೆ ಗುಲಾಬಿ ಆಯಿಲ್ ಪೇಂಟ್ ಬಳಿದಿದ್ದರು, ಗೋಡೆಗೆ ಬಚ್ಚಲಮನೆಯ ಟೈಲ್ಸ್ ಹಚ್ಚಿದ್ದರು. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಮಾಡಿದವರು ಭಕ್ತಿಯಿಂದ ಮಾಡಿದ್ದಾರೆ, ಬೇರೆ ದಾರಿ ಇದೆ ಎಂದು ಅವರಿಗೆ ಹೇಳಲು ಯಾರೂ ಹೋಗಿಲ್ಲ. ಹೋಗಬೇಕಾಗಿದ್ದವರು ನನ್ನಂಥ ಮೇಷ್ಟರು. ನಾವು ಹಂಪಿಗೆ ಹೋಗಿದ್ದೆವು.

ಉಳಿದ ಮೂರು ತಾಲ್ಲೂಕುಗಳಲ್ಲಿಯೂ ಇದೇ ಪಾಠ ಬೇರೆ ಬೇರೆ ರೂಪದಲ್ಲಿ ಸಿಕ್ಕಿತು. ಮಂಗಸೂಳಿಯ ಮಲ್ಲಯ್ಯ ಮರಾಠಿ ಭಕ್ತರಿಗೆ ಖಂಡೋಬಾ, ಭಂಡಾರ ಒಂದೇ. ಅಥಣಿಯನ್ನು 1679ರಲ್ಲಿ ಮೊಘಲ ಸರದಾರ ದಿಲೇರ್ ಖಾನ್ ಲೂಟಿ ಮಾಡಿ ಊರ ಜನರನ್ನು ಗುಲಾಮರನ್ನಾಗಿ ಮಾರಲು ಹೊರಟಾಗ ವಿರೋಧಿಸಿದವನು ಸಂಭಾಜಿ. ತಂದೆಯ ಮೇಲೆ ಮುನಿದು ಆಗ ಅವನು ಮೊಘಲರ ಪಾಳೆಯದಲ್ಲಿದ್ದ, ಈ ಘಟನೆಯ ಬೆನ್ನಿಗೇ ಅದನ್ನು ಬಿಟ್ಟ. ಅಥಣಿಯ ಹುಡುಗರು ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠವನ್ನು ಬಲ್ಲರು, ಇದನ್ನು ಅರಿಯರು. ರಾಯಬಾಗ ರಟ್ಟರ ಕಾಲದಲ್ಲಿ ‘ಹೂವಿನ ಬಾಗೆ’. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಮೆಣಸು ಕೊಳ್ಳಲು ಹುಡುಕಿಕೊಂಡು ಬಂದ ಪೇಟೆ. 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗೆ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರ ಅಜ್ಜಂದಿರು ಕೊಲ್ಲಾಪುರ ಮಹಾರಾಜರ ಪ್ರಜೆಗಳಾಗಿ ಹುಟ್ಟಿ ಕನ್ನಡ ಮಾತಾಡಿದವರು. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ. ಮಹಾರಾಷ್ಟ್ರದ ಊರೂರುಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ. ಮಾಯಾ ಹುಡುಗನನ್ನು ಗೆಳೆಯರು ಅಲ್ಲಿ ಸಾಕಷ್ಟು ಗೋಳುಹೊಯ್ದುಕೊಂಡರು, “ಕಡೀಕ ನಿನ್ನ ಮಾಯಾ ಇಲ್ಲೇ ಸಿಕ್ಲು ನೋಡಲೇ” ಎಂದು.

ಅವನು ನಕ್ಕು ಒಂದು ಒಳ್ಳೆಯ ಮಾತು ಹೇಳಿದ. ಮಾಯಾ ಜನ ಸತ್ತುಹೋಗಿಲ್ಲ, ಲಕ್ಷಗಟ್ಟಲೆ ಜನ ಇವತ್ತಿಗೂ ಆ ಭಾಷೆಗಳನ್ನು ಆಡುತ್ತಾರೆ, ಆದರೆ ಪ್ರವಾಸಿಗಳು ಕಲ್ಲು ನೋಡಿ ತಿರುಗುತ್ತಾರೆ, ಹೊರಗೆ ಗೊಂಬೆ ಮಾರುವವರು ಅದೇ ಜನ ಎಂದು ಗಮನಿಸುವುದಿಲ್ಲ ಎಂದು. ಸರಿಯಾದ ಎಚ್ಚರಿಕೆ. ಖಿದ್ರಾಪುರವನ್ನೋ ಚಿಂಚಲಿಯನ್ನೋ ಟಿಕೆಟ್ಟಿನ ಜಾಗ ಮಾಡಿ ಎಂದು ನಾನು ಕೇಳುತ್ತಿಲ್ಲ. ಇಲ್ಲಿನವರು ಮೊದಲು ನೋಡಲಿ, ಓದಲಿ, ಒಬ್ಬರಿಗೊಬ್ಬರು ಹೇಳಲಿ.

ಕೆಲವರು ನನ್ನನ್ನು ಗದರಿಸುವುದು ಗೊತ್ತಿದೆ. ಹೀಗೆ ಮಾತಾಡಿದರೆ ಗಡಿಯಲ್ಲಿ ಕನ್ನಡ ಸೋಲುತ್ತದೆ ಎನ್ನುತ್ತಾರೆ. ನಾನು ಕನ್ನಡದ ಮೇಷ್ಟರು, ನನ್ನ ಅನ್ನ ಈ ಭಾಷೆಯದು. ಕನ್ನಡ ಶಾಲೆ ಮುಚ್ಚಿದಾಗ ನನಗೂ ಸಂಕಟವಾಗುತ್ತದೆ. ಗಡಿಯಲ್ಲಿ ಕನ್ನಡ ಉಳಿಯಬೇಕಾದರೆ ಹಳಗನ್ನಡದ ಒಂದು ಶಾಸನವನ್ನು ತಾನೇ ಓದಬಲ್ಲ ಹುಡುಗಿ ಪ್ರತಿ ಊರಿನಲ್ಲಿ ಒಬ್ಬಳಾದರೂ ಇರಬೇಕು. ಖಿದ್ರಾಪುರದ ಮರಾಠಿ ಹುಡುಗನಿಗೆ ಅವಳು ಆ ಶಾಸನದ ಅರ್ಥ ಹೇಳಿದರೆ, ನೂರು ಘೋಷಣೆಗಳು ಮಾಡದ ಕೆಲಸ ಆಗುತ್ತದೆ.

ಎರಡು ರಾಜ್ಯಗಳು ಕೂಡಿ ಕೆಲಸ ಮಾಡುವುದು ಆಗದ ಮಾತು ಎನ್ನುವವರು ತಮ್ಮ ಕಾಲು ನೋಡಿಕೊಳ್ಳಲಿ. ಕೊಲ್ಲಾಪುರಿ ಚಪ್ಪಲಿಗೆ 2018–19ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿ. ಎರಡೂ ಸರ್ಕಾರಗಳ ಚರ್ಮೋದ್ಯಮ ನಿಗಮಗಳು ಕೂಡಿ ಅದನ್ನು ಪಡೆದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಹೆಸರು ಹೇಳದೆ ಮೆರವಣಿಗೆ ಮಾಡಿದಾಗ ಎರಡೂ ಕಡೆಯವರು ಸಿಟ್ಟಾದರು. ಅಥಣಿ, ನಿಪ್ಪಾಣಿಯ ಸಮಗಾರರು ಹೊಲಿದ ಚಪ್ಪಲಿ ಕೊಲ್ಲಾಪುರದ ಹೆಸರಿನಲ್ಲಿ ಜಗತ್ತು ತಿರುಗಬಹುದಾದರೆ ಖಿದ್ರಾಪುರದ ಗುಡಿಯ ಮುಂದೆ ಕನ್ನಡ–ಮರಾಠಿ ಎರಡರಲ್ಲೂ ಒಂದು ಫಲಕ ಯಾಕೆ ನಿಲ್ಲಬಾರದು?

ಈಗ ಆ ಹುಡುಗಿಯ ಹೊಲದ ಕಲ್ಲಿಗೆ ಬರುತ್ತೇನೆ. ಪ್ರವಾಸ ಮುಗಿದ ಮುಂದಿನ ವಾರ ಅವರ ಮನೆಗೆ ಹೋದೆ. ಅವಳ ಕಾಕಾ ಒಳ್ಳೆಯ ಮನುಷ್ಯ, ಚಹಾ ಕೊಟ್ಟರು, ಕಬ್ಬಿನ ಬಾಕಿಯ ಮಾತಾಡಿದರು. ಕಲ್ಲಿನ ಸುದ್ದಿ ಬಂದಾಗ ಮಾತ್ರ ಮುಖ ಬಿಗಿಯಿತು. “ನೋಡ್ರಿ ಸರ, ಸರಕಾರಕ್ಕ ಗೊತ್ತಾದ್ರ ಹೊಲಾ ಹೋಗತೈತಿ. ನಿಧಿ ಐತಿ ಅಂತ ಕಳ್ಳರು ರಾತ್ರಿ ಅಗೀತಾರ. ಕನ್ನಡ ಐತಿ ಅಂದ್ರ ಆ ಕಡಿ ಮಂದಿ ಬರ್ತಾರ, ಮರಾಠಿ ಐತಿ ಅಂದ್ರ ಈ ಕಡಿ ಮಂದಿ. ನಮಗ ನೀರ ಹಾಯಿಸೂದ ಐತ್ರಿ. ಅದು ಮಣ್ಣಾಗ ಇರ್ಲಿ ಬಿಡ್ರಿ.”

ಅವರ ಮೂರು ಭಯಗಳಲ್ಲಿ ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿತ್ತು. ಕಟ್ಟಡ ನಿರ್ಬಂಧದ ನೂರು ಮೀಟರಿನ ಕಾನೂನು ಕೇಂದ್ರ ಸ್ಮಾರಕವೆಂದು ಘೋಷಿಸಿದ ಜಾಗಗಳಿಗೆ ಸಂಬಂಧಿಸಿದ್ದು. ಬದುವಿನ ಒಂದು ಕಲ್ಲಿನ ಅಕ್ಷರಗಳನ್ನು ಪ್ರತಿ ಮಾಡಿಕೊಂಡ ಮಾತ್ರಕ್ಕೆ ಹೊಲ ಸ್ಮಾರಕವಾಗುವುದಿಲ್ಲ ಎಂದೆ. ಅವರು ತಲೆಯಾಡಿಸಿದರು, ನಂಬಲಿಲ್ಲ. ಇದನ್ನು ಅವರಿಗೆ ಹೇಳಬೇಕಾದದ್ದು ಸರ್ಕಾರ, ಅದೂ ಬರಹದಲ್ಲಿ. ಎರಡನೆಯ ಭಯ ಪೊಲೀಸರಿಗೆ ಸೇರಿದ್ದು. ಮೂರನೆಯ ಭಯಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಯಾಕೆಂದರೆ ಅದನ್ನು ಹುಟ್ಟಿಸಿದವರು ಲೇಖಕರು, ಮೇಷ್ಟರು, ಹೋರಾಟಗಾರರು. ತನ್ನ ಹೊಲದ ಕಲ್ಲು ಯಾವ ಭಾಷೆಯದೋ ಎಂದು ರೈತ ಹೆದರುವ ಸ್ಥಿತಿ ತಂದದ್ದು ನಾವು. ಎರಡೂ ಕಡೆಯ ನಾವು.

ಆ ಕಲ್ಲಿನ ಮೇಲೆ ಏನಿದೆ ನಾನು ಓದಿಲ್ಲ. ಯಾರೋ ಸತ್ತ ವೀರನ ಹೆಸರೋ, ಬಸದಿಗೆ ಬಿಟ್ಟ ತೋಟದ ಎಲ್ಲೆಯೋ, ಗಾಣದ ಎಣ್ಣೆಯ ಲೆಕ್ಕವೋ. ಮುಂದಿನ ಹೊಳೆ ಬಂದಾಗ ಅದು ಇನ್ನಷ್ಟು ಹೂತುಹೋಗಬಹುದು. ಊರಿನ ಹೆಸರನ್ನು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳದೇ ಇರುವುದು ತಪ್ಪೆಂದೂ ಗೊತ್ತಿದೆ.

ಈ ವರ್ಷದ ಪ್ರವಾಸದ ಸಭೆಗೆ ನಾನು ಬರೆದುಕೊಟ್ಟ ಕಾಗದದಲ್ಲಿ ಮೂರು ಸಾಲುಗಳಿವೆ. ಒಂದು, ಪ್ರವಾಸ ಈ ಐದು ತಾಲ್ಲೂಕುಗಳಿಗೆ, ಖಿದ್ರಾಪುರ ಸೇರಿಸಿ. ಎರಡು, ಗಡಿಯ ಆಚೆಯ ಒಂದು ಕಾಲೇಜಿಗೆ ಪತ್ರ ಬರೆದು ಅವರ ವಿದ್ಯಾರ್ಥಿಗಳನ್ನೂ ಕರೆಯುವುದು, ಅವರು ನಿಪ್ಪಾಣಿಯ ಕಥೆ ಹೇಳಲಿ, ನಮ್ಮವರು ಖಿದ್ರಾಪುರದ ಕನ್ನಡ ಓದಿ ಹೇಳಲಿ. ಮೂರು, ಹೊಲಗಳಲ್ಲಿರುವ ಕಲ್ಲುಗಳ ಅಕ್ಷರ ಪ್ರತಿ ಮಾಡಿಕೊಳ್ಳಲು ರೈತರಿಗೆ ಯಾವ ತೊಂದರೆಯೂ ಆಗದೆಂಬ ಭರವಸೆಯನ್ನು ಬರಹದಲ್ಲಿ ಕೊಡಬೇಕೆಂದು ಪುರಾತತ್ವ ಇಲಾಖೆಗೆ ಮನವಿ ಮಾಡುವುದು. ಸಭೆ ಮುಂದಿನ ವಾರ. ಹಂಪಿಯ ಬಸ್ಸಿಗೆ ಈಗಾಗಲೇ ಮೂವತ್ತು ಹೆಸರು ಬಂದಿವೆಯಂತೆ. ನನ್ನ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ. ಅದರಲ್ಲಿ ಮೊದಲನೆಯದು ಆ ಹುಡುಗಿಯದು. ಈ ವರ್ಷ ಅವಳು ಹಳಗನ್ನಡ ಲಿಪಿ ಕಲಿಯಲು ಶುರು ಮಾಡಿದ್ದಾಳೆ.